ಟವರ್‌ನವರು ಎದ್ದು ಹೋದರೆ? ನಿವೃತ್ತ ಕಂಟ್ರೋಲರ್ ಜೊತೆ ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿ): ಸರ್, ಭಾನುವಾರ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ಶುರುವಾದ ಜಗಳ ಇನ್ನೂ ಮುಗಿದಿಲ್ಲ. 2010ರ ಡಿಸೆಂಬರ್ 3ರಂದು ಸ್ಪೇನ್‌ನಲ್ಲಿ ಎಟಿಸಿಯವರು, ಅಂದರೆ ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್‌ಗಳು, ದಿಢೀರನೆ ಕೆಲಸ ಬಿಟ್ಟರು. ದೇಶದ ಆಕಾಶವೇ ಬಂದ್ ಆಯಿತು. ರಜೆಗೆ ಹೊರಟಿದ್ದ ಸುಮಾರು 6 ಲಕ್ಷ ಜನ ಸಿಕ್ಕಿಬಿದ್ದರು. ಮೇಲೆ ಹಾರುತ್ತಿದ್ದವರನ್ನು ನಡುನೀರಲ್ಲಿ ಬಿಟ್ಟು ಹೋದವರಿಗೆ ಜೈಲೇ ಸರಿ ಅಂತಾರೆ ನಮ್ಮ ಭಾವ. ನಿಜವಾಗಿ ಹಾಗೆ ಎದ್ದು ಹೋಗೋಕಾಗುತ್ತಾ?

ಉತ್ತರ: ಇದು ಬಸ್ ಸ್ಟೀರಿಂಗ್ ಬಿಟ್ಟು ಇಳಿದು ಹೋದ ಹಾಗಲ್ಲ ಮಾರಾಯ್ರೇ. ಕುರ್ಚಿ ಹೇಗೆ ಕೈ ಬದಲಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಸಾಮಾನ್ಯವಾಗಿ ಎರಡು ಗಂಟೆ ಕೂತರೆ ಬಿಡುವು ಬೇಕು. ಮುಂದಿನವನು ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಾನೆ. ತನ್ನ ಹೆಡ್‌ಸೆಟ್ ಚುಚ್ಚಿಕೊಂಡು ಸುಮ್ನೆ ಕೇಳುತ್ತಾನೆ. ಯಾವ ವಿಮಾನ ಎಷ್ಟು ಎತ್ತರದಲ್ಲಿದೆ, ಯಾರಿಗೆ ಏನು ಹೇಳಿ ಆಗಿದೆ, ಏನು ಬಾಕಿ ಇದೆ, ಎಲ್ಲ ಅವನ ತಲೆಯಲ್ಲಿ ಕೂರಬೇಕು. ಅವನು "ನಾನು ತಗೊಂಡೆ" ಅಂದ ಮೇಲೆಯೇ ನಾನು ಏಳುವುದು. ಆಮೇಲೂ ಒಂದೆರಡು ನಿಮಿಷ ಪಕ್ಕದಲ್ಲೇ ನಿಂತಿರುತ್ತೇನೆ. ಆ ನಿಮಿಷಗಳಲ್ಲೇ ತಪ್ಪಾಗುವುದು ಜಾಸ್ತಿ, ಅದಕ್ಕೆ.

ಸ್ಪೇನ್‌ನಲ್ಲಿ ಪಾಳಿಯಲ್ಲಿದ್ದವರೂ ಹಲವರು "ಮೈ ಸರಿಯಿಲ್ಲ, ಕೂರಲಾರೆ" ಎಂದು ಬರೆದುಕೊಟ್ಟರು. ಆದರೆ ಇಂಥ ಹೊತ್ತಿನಲ್ಲಿ ಮೊದಲು ನಿಲ್ಲುವುದು ಟೇಕಾಫ್. ಹಾರುತ್ತಿರುವವರನ್ನು ಇಳಿಸುತ್ತಾರೆ, ಇಲ್ಲವೇ ಪಕ್ಕದ ದೇಶದ ಕಡೆ ತಿರುಗಿಸುತ್ತಾರೆ. ವಿಮಾನದಲ್ಲಿ ಇನ್ನೊಂದು ಊರಿಗೆ ಹೋಗುವಷ್ಟು, ಅದರ ಮೇಲೆ ಅರ್ಧ ಗಂಟೆಯಷ್ಟು ಇಂಧನ ಇದ್ದೇ ಇರುತ್ತದೆ. ನಡುನೀರಲ್ಲಿ ಬಿದ್ದದ್ದು ಏರ್‌ಪೋರ್ಟ್ ನೆಲದ ಮೇಲೆ ಮಲಗಿದವರು. ಅದು ಸಣ್ಣದು ಅಂತ ನಾನು ಹೇಳುತ್ತಿಲ್ಲ. ನೋಟಿಸ್ ಕೊಡದೆ, ಉದ್ದ ರಜೆ ಶುರುವಾಗುವ ಶುಕ್ರವಾರವೇ ಹಾಗೆ ಮಾಡಿದ್ದು ತಪ್ಪು. ನನ್ನ ಕಸುಬಿನವರೇ ಆದರೂ ಅದನ್ನು ಒಪ್ಪಲಾರೆ.

ಪ್ರಶ್ನೆ (ಪುಣೆ): ಅಲ್ಲಿ ಸೈನ್ಯ ಬಂದು ಒಂದೇ ದಿನದಲ್ಲಿ ಸರಿ ಮಾಡಿತಲ್ವಾ? ನಮ್ಮ ಪುಣೆಯ ಲೋಹಗಾಂವ್ ಏರ್‌ಪೋರ್ಟ್‌ನಲ್ಲಿ ಎಟಿಸಿ ಹೇಗೂ ಏರ್‌ಫೋರ್ಸ್ ಕೈಯಲ್ಲೇ ಇದೆ. ಮುಂಬೈಗೂ ಅವರನ್ನೇ ಕೂರಿಸಿದರೆ ಮುಗೀತು.

ಉತ್ತರ: ಲೋಹಗಾಂವ್ ವಿಷಯ ಸರಿ. ಗೋವಾದ ದಾಬೋಳಿಯಲ್ಲೂ ನೌಕಾಪಡೆಯವರೇ ಇದ್ದಾರೆ. ಮುಂಬೈ ಮತ್ತು ಗೋವಾದ ಮೋಪಾದಲ್ಲಿ ಏರ್‌ಪೋರ್ಟ್ ನಡೆಸುವುದು ಖಾಸಗಿಯವರು, ಆದರೆ ಎಟಿಸಿ ಮಾತ್ರ ವಿಮಾನ ನಿಲ್ದಾಣ ಪ್ರಾಧಿಕಾರದ್ದು.

ಸ್ಪೇನ್ ಬಗ್ಗೆ ಎಲ್ಲರೂ ತಪ್ಪು ತಿಳಿದಿರುವುದು ಇಲ್ಲೇ. ಸರಕಾರ ಡಿಸೆಂಬರ್ 4ರಂದು ತುರ್ತು ಪರಿಸ್ಥಿತಿಯಂಥದ್ದನ್ನು ಘೋಷಿಸಿತು. ಅಲ್ಲಿ ಪ್ರಜಾಪ್ರಭುತ್ವ ಬಂದ ಮೇಲೆ ಅದೇ ಮೊದಲು. ಆದರೆ ರೇಡಾರ್ ಮುಂದೆ ಸೈನಿಕರು ಕೂರಲಿಲ್ಲ. ಅದೇ ಕಂಟ್ರೋಲರ್‌ಗಳನ್ನು ಸೈನ್ಯದ ಕಾನೂನಿನಡಿ ತಂದು, ಬರದಿದ್ದರೆ ಜೈಲು ಎಂದರು. ಮಧ್ಯಾಹ್ನದ ಹೊತ್ತಿಗೆ ಬಂದು ಕೂತರು. ಅವರನ್ನೇ ಕರೆಯಬೇಕಾಯಿತು, ಯಾಕೆಂದರೆ ಬದಲಿಗೆ ಕೂರಿಸಲು ಬೇರೆ ಯಾರೂ ಇರಲಿಲ್ಲ.

ನಮ್ಮಲ್ಲಿ ಅರ್ಹತೆ ಸಿಗುವುದು ಊರು ಊರಿಗೆ, ಜಾಗ ಜಾಗಕ್ಕೆ. ಚೆನ್ನೈಯಲ್ಲಿ ಹತ್ತು ವರ್ಷ ದುಡಿದವನೂ ಮುಂಬೈಗೆ ಬಂದ ದಿನ ಮೈಕ್ ಮುಟ್ಟುವಂತಿಲ್ಲ. ಇಲ್ಲಿ ತರಬೇತಿ ಆಗಬೇಕು, ಪರೀಕ್ಷೆ ಪಾಸಾಗಬೇಕು. ಮುಂಬೈ ನೋಡಿ: ಎರಡು ರನ್‌ವೇ ಇವೆ, ಒಂದನ್ನೊಂದು ಕತ್ತರಿಯ ಹಾಗೆ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಬಳಸುವುದು ಒಂದನ್ನೇ. ಅದರಲ್ಲೇ 2023ರ ನವೆಂಬರ್‌ನಲ್ಲಿ ಒಂದು ದಿನ ಇಳಿದದ್ದು, ಏರಿದ್ದು ಎಲ್ಲ ಸೇರಿ 1,032 ಆಗಿತ್ತು. ಒಂದು ಇಳಿಯಿತು, ಅದು ರನ್‌ವೇ ಬಿಟ್ಟು ಪಕ್ಕದ ದಾರಿಗೆ (ಟ್ಯಾಕ್ಸಿವೇ) ತಿರುಗುವಷ್ಟರಲ್ಲಿ ಇನ್ನೊಂದನ್ನು ಹಾರಲು ಬಿಡಬೇಕು, ಅಷ್ಟರಲ್ಲಿ ಮೂರನೆಯದು ಘಾಟ್ಕೋಪರ್ ಮೇಲೆ ಬಂದಾಗಿದೆ. ಲೋಹಗಾಂವ್‌ನವನು ಜಾಣನೇ ಇರಬಹುದು. ಆದರೂ ಮರುದಿನವೇ ತಂದು ಇಲ್ಲಿ ಕೂರಿಸೋದಕ್ಕೆ ಆಗಲ್ಲ.

ಪ್ರಶ್ನೆ (ಮುಲುಂಡ್): ಆ ಸ್ಪೇನಿನವರಿಗೆ ವರ್ಷಕ್ಕೆ ಸರಾಸರಿ 3.5 ಲಕ್ಷ ಯೂರೋ ಸಂಬಳ ಅಂತ ಓದಿದೆ. ಇನ್ನೇನು ಬೇಕಿತ್ತಂತೆ?

ಉತ್ತರ: ಆ ಲೆಕ್ಕ ಸರಕಾರ ಕೊಟ್ಟದ್ದು. ಅದರಲ್ಲಿ ದೊಡ್ಡ ಪಾಲು ಓವರ್‌ಟೈಮ್. ಓವರ್‌ಟೈಮ್ ಯಾಕೆ ಅಷ್ಟಿತ್ತು? ಜನ ಕಮ್ಮಿ ಇದ್ದರು. ವರ್ಷಗಟ್ಟಲೆ ಹೊಸಬರನ್ನು ತೆಗೆದುಕೊಳ್ಳದೆ, ಇದ್ದವರಿಗೇ ದುಡ್ಡು ಕೊಟ್ಟು ದುಡಿಸಿದರು. ಅವರೂ ಖುಷಿಯಿಂದ ಒಪ್ಪಿಕೊಂಡರು, ಅದನ್ನು ಮುಚ್ಚಿಡಬಾರದು. 2010ರಲ್ಲಿ ಸರಕಾರ ಓವರ್‌ಟೈಮ್ ದುಡ್ಡಿಗೆ ಕತ್ತರಿ ಹಾಕಿತು. ಡಿಸೆಂಬರ್ 3ರಂದು ಬಂದ ಆದೇಶ ಕೆಲಸದ ಗಂಟೆಗಳ ಲೆಕ್ಕವನ್ನೇ ಬದಲಿಸಿತು. ಅದೇ ಸಂಜೆ ಎಲ್ಲ ನಿಂತಿತು.

ಪ್ರಶ್ನೆ (ಡೊಂಬಿವಲಿ): ಭಾವ ಕೇಳ್ತಿದ್ದಾರೆ, ಅಮೆರಿಕದ ಅಧ್ಯಕ್ಷ ರೇಗನ್ ಮಾಡಿದ ಹಾಗೆ ಎಲ್ಲರನ್ನೂ ಮನೆಗೆ ಕಳಿಸಿದ್ದರೆ?

ಉತ್ತರ: 1981ರ ಆಗಸ್ಟ್ 3ರಂದು ಅಮೆರಿಕದಲ್ಲಿ ಸುಮಾರು 13,000 ಕಂಟ್ರೋಲರ್‌ಗಳು ಮುಷ್ಕರ ಹೂಡಿದರು. ರೇಗನ್ 48 ಗಂಟೆ ಗಡುವು ಕೊಟ್ಟು, ಬರದ 11,000ಕ್ಕೂ ಹೆಚ್ಚು ಜನರನ್ನು ತೆಗೆದೇ ಹಾಕಿದರು. ವಿಮಾನ ಪೂರ್ತಿ ನಿಲ್ಲಲಿಲ್ಲ ನಿಜ. ಮೇಲ್ವಿಚಾರಕರು, ಸೈನ್ಯದ ಕಂಟ್ರೋಲರ್‌ಗಳು, ಮುಷ್ಕರಕ್ಕೆ ಸೇರದವರು ಎಲ್ಲ ಸೇರಿ ಎಳೆದರು. ಆದರೆ ಹಾರಾಟದ ಸಂಖ್ಯೆ ಕಮ್ಮಿ ಮಾಡಬೇಕಾಯಿತು, ಜಾಗ ತುಂಬಲು ವರ್ಷಗಳೇ ಹಿಡಿದವು. ವಜಾ ಆದವರನ್ನು ಮತ್ತೆ ಸೇರಿಸಬಾರದೆಂಬ ನಿಷೇಧವನ್ನು 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ತೆಗೆದರು. ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು. ಭಾವನವರಿಗೆ ಇದು ಗೆಲುವು ಅನ್ನಿಸಿದರೆ ಅನ್ನಿಸಲಿ.

ಪ್ರಶ್ನೆ (ವಾಶಿ): ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಸಿಕ್ ಲೀವ್ ಹಾಕಿದರೆ ಏನು ಮಾಡ್ತಾರೆ ಅಣ್ಣ?

ಉತ್ತರ: 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆ ಆಗಿತ್ತು. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು ಅನ್ನುವುದು ಆ ಕಾಯ್ದೆಯಿಂದಲೇ ಬಂದದ್ದು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅರ್ಧದಷ್ಟು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದನ್ನು ಮುಷ್ಕರ ಅಂತಲೇ ಎಣಿಸುತ್ತದೆ.

ಆದರೆ ಒಂದು ತೊಡಕಿದೆ ತಂಗಿ. ಜ್ವರ ಬಂದವನು, ರಾತ್ರಿ ನಿದ್ದೆ ಇಲ್ಲದವನು, ಮನೆಯಲ್ಲಿ ಸಾವಾದವನು "ಇವತ್ತು ನಾನು ಕೂರಲ್ಲ" ಅನ್ನಲೇಬೇಕು. ಅದು ಹಕ್ಕಲ್ಲ, ಕರ್ತವ್ಯ. ನಾನೂ ಒಮ್ಮೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹಾಗೆ ಹೇಳಿ ಎದ್ದಿದ್ದೆ. ಯಾರೂ ಕಾರಣ ಕೇಳಲಿಲ್ಲ. ಪಕ್ಕದವನು ಹೆಡ್‌ಸೆಟ್ ಚುಚ್ಚಿಕೊಂಡ, ಅಷ್ಟೇ. ಸ್ಪೇನಿನವರ ಮೇಲೆ ನನ್ನ ದೊಡ್ಡ ಸಿಟ್ಟು ಅದೇ. ಆ ಮಾತನ್ನೇ ಅವರು ಸಾಮೂಹಿಕವಾಗಿ ಬಳಸಿದರು. ಅದಾದ ಮೇಲೆ ನಿಜವಾಗಿ ದಣಿದವನು ಹೇಳಿದರೂ ಮೇಲಿನವರು ಅನುಮಾನದಿಂದ ನೋಡುತ್ತಾರೆ.

ಪ್ರಶ್ನೆ (ಡೊಂಬಿವಲಿ): ಭಾವ ಜೈಲಿನ ಮಾತು ವಾಪಸ್ ತಗೊಂಡಿದ್ದಾರೆ ಸರ್. ದಂಡ ಹಾಕಲಿ ಅಂತಾರೆ.

ಉತ್ತರ: ಹಾಕಲಿ. ಆದರೆ ಜನ ತುಂಬದೆ ಓವರ್‌ಟೈಮ್‌ನಲ್ಲಿ ನಡೆಸಿದವರಿಗೂ ಹಾಕಲಿ ಅಂತ ಹೇಳಿ. ಕಾಫಿ ಮುಂದಿನ ಭಾನುವಾರ ನನ್ನದು.