ಸಹಾಯ ಬೇಕು: ರಾಣಿಪುರಂ ಕಡೆಯ ನಗೆಮಲ್ಲದ ಕೂಗು

ಕಾಸರಗೋಡು ಜಿಲ್ಲೆಯ ಪನತ್ತಡಿ, ರಾಣಿಪುರಂ ಕಾಡಂಚಿನಲ್ಲಿರುವವರೇ, ವಯನಾಡು ನಗೆಮಲ್ಲ (Wayanad Laughingthrush) ಹಕ್ಕಿಯ ಕೂಗಿನ ರೆಕಾರ್ಡಿಂಗ್ ಇದ್ದರೆ ಕೊಡಿ. ಹಿಂಡು ತರಗೆಲೆ ಕೆದಕುತ್ತ ಪೊದೆಯೊಳಗೇ ಸಾಗುತ್ತದೆ, ಕಣ್ಣಿಗೆ ಬೀಳುವ ಮೊದಲೇ ಗದ್ದಲ ಕೇಳುತ್ತದೆ. ಆದರೆ ಕೆಂಗಂದು ಹರಟೆಮಲ್ಲ (Rufous Babbler) ಎಂಬ ಇನ್ನೊಂದು ಹಕ್ಕಿಯೂ ಹುಲ್ಲು-ಬಿದಿರಿನ ಅಂಚಿನಲ್ಲಿ ಗುಂಪಾಗಿ ಗಲಾಟೆ ಮಾಡುವುದರಿಂದ ಬರೀ ದನಿ ಸಾಲದು. ಒಂದಾದರೂ ಹಕ್ಕಿಯ ಮುಖ ನೋಡಿ: ನಗೆಮಲ್ಲಕ್ಕೆ ಬೂದು ನೆತ್ತಿ, ಅಗಲವಾದ ಕಪ್ಪು ಕಣ್ಪಟ್ಟಿ, ಬಿಳಿ ಗಂಟಲು, ಕೆಂಗಂದು ಬೆನ್ನು, ಹರಟೆಮಲ್ಲಕ್ಕೆ ಆ ಅಗಲ ಪಟ್ಟಿಯಿಲ್ಲ.

ಹೊಸದಾಗಿ ರೆಕಾರ್ಡ್ ಮಾಡುವವರು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕೈ ಅಲುಗಿಸದೆ ಎರಡು ನಿಮಿಷ ಹಿಡಿಯಿರಿ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ಮೆಸೇಜ್‌ನಲ್ಲಿ ಸೂಕ್ಷ್ಮ ಸ್ವರಗಳು ಕೆಡುತ್ತವೆ. ದಿನ, ಹೊತ್ತು, ಜಾಗ, ಹಿಂಡಿನ ಅಂದಾಜು ಸಂಖ್ಯೆ ಬರೆಯಿರಿ. ರೆಕಾರ್ಡ್ ಆದ ಕೂಗನ್ನು ನುಡಿಸಿ ಹಕ್ಕಿ ಕರೆಯುವುದಂತೂ ಬೇಡ, ಗೂಡಿನ ಕಾಲದಲ್ಲಿ ಅದು ಕಾವು ಬಿಡಿಸೀತು.