ವಿಷಯ: ‘ಸುಸ್ಥಿರ ಕೊಯ್ಲು’ – ಉಪ್ಪಾಗೆ ಬೋರ್ಡಿಗೆ ಬೇರೆ ಪದ ಬೇಕು (ತುರ್ತು)

ಪ್ರಶ್ನೆ:
ಶಿರಸಿ ಕಡೆಯ ಗ್ರಾಮ ಅರಣ್ಯ ಸಮಿತಿಯೊಂದಕ್ಕೆ, ಉಪ್ಪಾಗೆ (ಸಿಪ್ಪೆ ಒಣಗಿಸಿ ಮಾರುವ ಕಾಡಿನ ಹುಳಿಹಣ್ಣು) ತರುವವರಿಗಾಗಿ ಬೋರ್ಡು ಬರೆಸಬೇಕು. ನಾಳೆ ಸಂಜೆಯೊಳಗೆ ಪೇಂಟರಿಗೆ ಕೊಡಬೇಕು, ಐದು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮೂಲದಲ್ಲಿರುವುದು ‘ಸಸ್ಟೇನಬಲ್ ಹಾರ್ವೆಸ್ಟ್’. ‘ಸುಸ್ಥಿರ ಕೊಯ್ಲು’ ಕಾಗದಪತ್ರಕ್ಕೆ ಸರಿ, ಗೋಣಿಚೀಲ ಹಿಡಿದು ಕಾಡಿಗೆ ಹೊರಟವರಿಗೆ ಅದು ಏನನ್ನೂ ಹೇಳುವುದಿಲ್ಲ. ‘ಕಿರು ಅರಣ್ಯ ಉತ್ಪನ್ನ’ಕ್ಕೂ (ಮರಮುಟ್ಟು ಬಿಟ್ಟು ಕಾಡಿನಿಂದ ಸಿಗುವ ಇತರ ವಸ್ತುಗಳು) ಬದಲಿ ಇದ್ದರೆ ತಿಳಿಸಿ.

ಉತ್ತರ 1:
‘ಸುಸ್ಥಿರ’ ಬಿಡಿ. ಸ್ಥಿರ ಎಂದರೆ ನಿಂತದ್ದು. ವರ್ಷ ವರ್ಷ ಚಿಗುರಿ ಕಾಯಿ ಬಿಡುವುದಕ್ಕೆ ಆ ಪದ ಹೊಂದದು. ‘ಬಾಳಿಕೆಯ ಕೊಯ್ಲು’ ಎನ್ನಿ. ‘ಕಿರು ಅರಣ್ಯ’ ಶುದ್ಧ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ. ‘ಕಾಡುಹುಟ್ಟುವಳಿ’ ಸಾಕು.

ಉತ್ತರ 2:
ಬಾಳಿಕೆ ಬರುವುದು ಚಪ್ಪಲಿ, ಕೊಡೆ. ಕೊಯ್ಲಿಗೆ ಬಾಳಿಕೆ ಎಲ್ಲಿಯದು? ಬಿಡಿಯಾಗಿ ಬರೆದ ವಿಶೇಷಣಕ್ಕೂ ಅರಿಸಮಾಸದ ದೋಷ ಹೊರಿಸುವುದಾದರೆ ಕನ್ನಡದಲ್ಲಿ ಒಂದು ಸಾಲೂ ಬರೆಯಲಾಗದು. ಬಿರುದಾವಳಿಗೆ, ಪೂರ್ವಕವಿಗಳ ಪ್ರಯೋಗಕ್ಕೆ ‘ಶಬ್ದಮಣಿದರ್ಪಣ’ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ.

ಉತ್ತರ 1:
ಸಮಿತಿಯ ಬೋರ್ಡು ಬಿರುದಾವಳಿಯಲ್ಲ.

ಉತ್ತರ 3:
ಇಬ್ಬರೂ ವಿಶೇಷಣಕ್ಕೆ ಜೋತುಬಿದ್ದಿದ್ದೀರಿ. ತಪ್ಪಿರುವುದು ‘ಕೊಯ್ಲು’ ಎಂಬಲ್ಲಿ. ಕೊಯ್ಯುವುದು ಮರದಿಂದ, ಹೆಕ್ಕುವುದು ನೆಲದಿಂದ. ಉಪ್ಪಾಗೆ ಮಳೆಗಾಲದಲ್ಲಿ ಹಣ್ಣಾಗಿ ಹಳದಿಗೆ ತಿರುಗಿ ತಾನೇ ಉದುರುತ್ತದೆ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಸಿಪ್ಪೆಯ ಬೆಲೆ ಏರಿದಾಗ, ನಾನು ಬಿಟ್ಟರೆ ಇನ್ನೊಬ್ಬ ಒಯ್ಯುತ್ತಾನೆ ಎಂದು ಎಳೆಕಾಯಿಯನ್ನೇ ಕೊಯ್ದರು, ಕೊಂಬೆ ಕಡಿದು ಕೆಡವಿದರು. ಕಡಿದ ಕೊಂಬೆಯಲ್ಲಿ ಮರುವರ್ಷ ಕಾಯಿ ಎಲ್ಲಿಂದ ಬರಬೇಕು? ಎಳೆಕಾಯಿಯ ಬೀಜವೂ ಹುಟ್ಟುವುದಿಲ್ಲ. ಬೋರ್ಡಿನಲ್ಲಿ ‘ಹೆಕ್ಕಿ’ ಎಂದಿದ್ದರೆ ಅರ್ಧ ನಿಯಮ ಆ ಕ್ರಿಯಾಪದದಲ್ಲೇ ಇದೆ.

ಉತ್ತರ 2:
‘ಕೊಯ್’ ಎಂದರೆ ಕತ್ತಿಯೇ ಅಲ್ಲ. ತಮಿಳಿನ ‘ಕೊಯ್’ಗೆ ಹೂ ಬಿಡಿಸುವ ಅರ್ಥವಿದೆ, ನಾವೂ ಹೂ ಕೊಯ್ಯುತ್ತೇವೆ. ಮಲಯಾಳದ ‘ಕೊಯ್ತ್ತ್’ ಭತ್ತದ್ದು. ಧಾತುವಿನ ವ್ಯಾಪ್ತಿ ನೋಡದೆ ತಳ್ಳಿಹಾಕಬೇಡಿ.

ಉತ್ತರ 3:
ಧಾತು ಕೋಶದಲ್ಲಿರಲಿ. ಹೂ ಕೊಯ್ದರೂ ಅದು ಗಿಡದಿಂದಲೇ. ಬೋರ್ಡಿಗೆ ಇಷ್ಟು ಬರೆಯಿರಿ:

ಉದುರಿದ ಹಣ್ಣು ಹೆಕ್ಕಿ. ಕಾಯಿ ಕೊಯ್ಯಬೇಡಿ.
ಕೊಂಬೆ ಕಡಿಯಬೇಡಿ.
ಮರದಡಿ ಒಂದು ಪಾಲು ಬಿಡಿ.
ಬೀಜ ಕಾಡಿಗೆ ಎರಚಿ.
ಹಸಿ ಮರ ಕಡಿದು ಒಲೆಗೆ ಹಾಕಬೇಡಿ.

ಮೂರನೆಯ ಸಾಲು ಬಿಡಬೇಡಿ, ಆ ಹಣ್ಣು ಸಿಂಗಳೀಕಕ್ಕೂ ಆಹಾರ. ಬೀಜದಿಂದ ತುಪ್ಪ ತೆಗೆಯುವ ಮನೆಗಳಿದ್ದರೆ ನಾಲ್ಕನೆಯ ಸಾಲನ್ನು ‘ಬೀಜದಲ್ಲೊಂದು ಪಾಲು’ ಎಂದು ತಿದ್ದಿ, ಇಲ್ಲದಿದ್ದರೆ ಯಾರೂ ಪಾಲಿಸುವುದಿಲ್ಲ. ಕೊನೆಯ ಸಾಲೂ ಅಷ್ಟೇ ಮುಖ್ಯ. ಜಡಿಮಳೆಯಲ್ಲಿ ಬಿಸಿಲಿಲ್ಲ, ಸಿಪ್ಪೆ ಬೂಸ್ಟು ಹಿಡಿಯದಿರಲು ಹಗಲೂ ರಾತ್ರಿ ಬೆಂಕಿ ಬೇಕು. ಹಣ್ಣಿನ ಮರ ಉಳಿಸಿ ಸುತ್ತಲಿನ ಕಾಡನ್ನು ಸೌದೆ ಮಾಡಿದರೆ ಏನು ಬಂತು?

ಪ್ರಶ್ನೆ ಕೇಳಿದವರು:
ಐದೂ ಸಾಲು ತೆಗೆದುಕೊಂಡೆ. ಎಲ್ಲರ ಮನೆಯಲ್ಲೂ ತುಪ್ಪ ತೆಗೆಯುವುದಿಲ್ಲ, ಆದರೂ ‘ಬೀಜದಲ್ಲೊಂದು ಪಾಲು’ ಎಂದೇ ಬರೆಸುತ್ತೇನೆ. ಅರಣ್ಯ ಹಕ್ಕು ಕಾಯ್ದೆಯ 3(1)(ಐ) ಕಲಮಿನ (ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು) ಅರ್ಜಿಯಲ್ಲಿ ಮಾತ್ರ ‘ಸುಸ್ಥಿರ ಬಳಕೆ’ ಉಳಿಯುತ್ತದೆ.

ಉತ್ತರ 1:
ಅಲ್ಲಿಯೂ ಯಾಕೆ ಉಳಿಯಬೇಕು? ಅರ್ಜಿ ಬರೆಯುವವರೂ ಕನ್ನಡದವರೇ. ಸಂಸ್ಕೃತವಿಲ್ಲದೆ ಕಾನೂನು ಬರೆಯಲಾಗದು ಎಂಬುದು ಸೋಮಾರಿತನ.

ಉತ್ತರ 2:
‘ಕಾನೂನು’ ಯಾವ ಭಾಷೆಯದು, ‘ಅರ್ಜಿ’ ಯಾವ ಭಾಷೆಯದು? ಅವನ್ನು ಅರಗಿಸಿಕೊಂಡವರಿಗೆ ‘ಸುಸ್ಥಿರ’ ಒಂದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಯೇ? ಚರ್ಚೆಯ ಹೊಸ ಎಳೆ ತೆರೆಯಿರಿ, ಅಲ್ಲಿ ಉತ್ತರಿಸುತ್ತೇನೆ.