ಅಮೆರಿಕದ ರಾಜ್ಯ ಶಾಸಕ ಅಂದ್ರೆ ನಮ್ಮ ಎಂಎಲ್‌ಎ ಥರಾನೇನಾ? (ಸುಹಾಸ್ ಸುಬ್ರಮಣ್ಯಂ ವಿಷಯ)

ಸಾಗರದ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಭಾರತೀಯ ಮೂಲದ ಸುಹಾಸ್ ಸುಬ್ರಮಣ್ಯಂ ಭಗವದ್ಗೀತೆ ಮೇಲೆ ಕೈಯಿಟ್ಟು ಅಮೆರಿಕದ ಸಂಸತ್ತಿನಲ್ಲಿ ಪ್ರಮಾಣವಚನ ತಗೊಂಡ ಸುದ್ದಿಯನ್ನು ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, 'ಸಾರ್, ಅದಕ್ಕೆ ಮುಂಚೆ ಅವರು ಏನಾಗಿದ್ದರು?' ಅಂತ ಕೇಳಿದಳು. ವರ್ಜೀನಿಯಾ ರಾಜ್ಯದ ಕೆಳಮನೆಯಲ್ಲಿ 4 ವರ್ಷ, ಮೇಲ್ಮನೆಯಲ್ಲಿ 1 ವರ್ಷ ಇದ್ದರು ಅಂದೆ. ಆಮೇಲೆ ಪ್ರಶ್ನೆಗಳು ಸಾಲಾಗಿ ಬಂದವು. ಅವರಿಗೆ ಟಿಕೆಟ್ ಕೊಟ್ಟವರು ಯಾರು? ಸಂಬಳ ಎಷ್ಟು? 5 ವರ್ಷದಲ್ಲಿ ಮೂರು ಮನೆ ದಾಟೋದು ಹೇಗೆ ಸಾಧ್ಯ? ಮಕ್ಕಳಿಗೆ ಸರಿಯಾದ ಉತ್ತರ ಕೊಡಬೇಕು. ಅಲ್ಲೇ ಇರುವವರು ಯಾರಾದರೂ ಬಿಡಿಸಿ ಹೇಳ್ತೀರಾ?

ಆಶ್‌ಬರ್ನ್ ಅಕ್ಕ ಬರೆದದ್ದು:

ನಮಸ್ಕಾರ ಮೇಷ್ಟ್ರೇ. ನಮ್ಮ ಮನೆ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿದೆ. ಹುಟ್ಟಿದ್ದು ದಾವಣಗೆರೆ. ಇಲ್ಲಿ ನನ್ನ ಮೊದಲ ವೋಟು 2019ರ ನವೆಂಬರ್ 5ರಂದು. ಸುಹಾಸ್ ಮೊದಲ ಸಲ ಗೆದ್ದಿದ್ದೂ ಅದೇ ದಿನ. ಹಾಗಾಗಿ ಈ ವಿಷಯ ನನಗೆ ಸ್ವಲ್ಪ ಹತ್ತಿರದ್ದು.

ಮೊದಲು ಸಂಬಳ. ಕೇಳಿದರೆ ನಿಮ್ಮ ಮಕ್ಕಳು ನಂಬಲಿಕ್ಕಿಲ್ಲ. ವರ್ಜೀನಿಯಾದಲ್ಲಿ ಕೆಳಮನೆ ಸದಸ್ಯರಿಗೆ ವರ್ಷಕ್ಕೆ 17,640 ಡಾಲರ್. ಮೇಲ್ಮನೆಯವರಿಗೆ 18,000. ಭತ್ಯೆ ಬೇರೆ. ಈ ದುಡ್ಡಲ್ಲಿ ಇಲ್ಲಿ ಸಂಸಾರ ನಡೆಯೋದಿಲ್ಲ. ಇದು ಅರ್ಧಕಾಲಿಕ ಕೆಲಸ ಅಂತಲೇ ಲೆಕ್ಕ. ಜನವರಿಯ ಎರಡನೇ ಬುಧವಾರ ರಾಜಧಾನಿ ರಿಚ್ಮಂಡ್‌ನಲ್ಲಿ ಅಧಿವೇಶನ ಶುರು. ಸಮ ಸಂಖ್ಯೆಯ ವರ್ಷ 60 ದಿನ. ಬೆಸ ಸಂಖ್ಯೆಯ ವರ್ಷ 30 ದಿನ ಅಂತ ಇದೆ, ಸಾಮಾನ್ಯವಾಗಿ 46ಕ್ಕೆ ಎಳೆಯುತ್ತಾರೆ. ಉಳಿದ ದಿನ ಎಲ್ಲರೂ ಅವರವರ ಕಸುಬಿಗೆ ವಾಪಸ್. ಸುಹಾಸ್ ವಕೀಲರು. ಒಬಾಮಾ ಕಾಲದಲ್ಲಿ ಶ್ವೇತಭವನದಲ್ಲಿ ತಂತ್ರಜ್ಞಾನ ನೀತಿಯ ಸಲಹೆಗಾರರಾಗಿದ್ದರು. ಅಗ್ನಿಶಾಮಕ ದಳದಲ್ಲೂ ಸ್ವಯಂಸೇವೆ ಮಾಡಿದವರು.

ಇನ್ನು ಟಿಕೆಟ್. ಇಲ್ಲಿ ಬಿ ಫಾರಂಗಾಗಿ ದೆಹಲಿಗೆ ಓಡಾಡುವುದು ಅಂತಿಲ್ಲ. ಜೂನ್ ತಿಂಗಳಲ್ಲಿ ಪ್ರೈಮರಿ ನಡೆಯುತ್ತೆ. ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ವೋಟು ಹಾಕಿ ತೀರ್ಮಾನಿಸುತ್ತಾರೆ. ವರ್ಜೀನಿಯಾದಲ್ಲಿ ಮತದಾರರು ಇಂಥ ಪಕ್ಷ ಅಂತ ನೋಂದಾಯಿಸಿಕೊಳ್ಳುವುದೂ ಇಲ್ಲ. ಯಾವ ಪಕ್ಷದ ಪ್ರೈಮರಿಗಾದರೂ ಹೋಗಬಹುದು, ಎರಡಕ್ಕೂ ಹೋಗುವ ಹಾಗಿಲ್ಲ ಅಷ್ಟೆ. 2019ರಲ್ಲಿ 87ನೇ ಕ್ಷೇತ್ರದ ಡೆಲಿಗೇಟ್ (ಕೆಳಮನೆ ಸದಸ್ಯ) ಜಾನ್ ಬೆಲ್ ಮೇಲ್ಮನೆಗೆ ನಿಂತರು. ಸೀಟು ಖಾಲಿಯಾಯಿತು. ಡೆಮಾಕ್ರಟಿಕ್ ಪಕ್ಷದಿಂದ ನಾಲ್ವರು ಮುಂದೆ ಬಂದರು, ಸುಹಾಸ್ ಗೆದ್ದರು.

ನವೆಂಬರ್ ಬಂತು. ವೋಟು ಹಾಕುವ ಜಾಗ ಒಂದು ಶಾಲೆ. ಬಾಗಿಲಿಂದ 40 ಅಡಿ ಆಚೆ ಎರಡೂ ಪಕ್ಷದವರು ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಒಳಗೆ ಕಾಗದದ ಮತಪತ್ರ. ಹೆಸರಿನ ಪಕ್ಕದ ಮೊಟ್ಟೆಯಾಕಾರವನ್ನು ಪೆನ್ನಲ್ಲಿ ಪೂರ್ತಿ ತುಂಬಿಸಬೇಕು. ಗೆರೆ ಆಚೆ ಹೋದರೆ ವೋಟು ಕೆಡುತ್ತೇನೋ ಅಂತ ನಿಧಾನಕ್ಕೆ ತುಂಬಿದೆ, ಮಗಳಿಗೆ ಬಣ್ಣ ತುಂಬೋದು ಕಲಿಸಿದ ಹಾಗೆ. 'ಸುಹಾಸ್' ಅನ್ನುವ ಹೆಸರನ್ನು ಅಮೆರಿಕದ ಮತಪತ್ರದಲ್ಲಿ ಓದಿದಾಗ ಕಣ್ಣು ತುಂಬಿ ಬಂತು. ನಮ್ಮ ಚಿಕ್ಕಪ್ಪನ ಮಗನ ಹೆಸರೂ ಅದೇ.

ಆ ಚುನಾವಣೆಯಲ್ಲಿ ಎರಡು ದಶಕಕ್ಕೂ ಜಾಸ್ತಿ ಕಾಲದ ನಂತರ ಡೆಮಾಕ್ರಟರಿಗೆ ಎರಡೂ ಮನೆಗಳಲ್ಲಿ ಬಹುಮತ ಬಂತು. ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಾಶ್ಮಿ ಮೇಲ್ಮನೆಗೆ ಗೆದ್ದಿದ್ದೂ ಅವತ್ತೇ. 2025ರ ನವೆಂಬರ್‌ನಲ್ಲಿ ಅವರು ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಹುದ್ದೆ) ಚುನಾವಣೆಯನ್ನೇ ಗೆದ್ದರು.

ಈಗ ಕೆಲಸದ ಮಾತು. ಡಲ್ಲಸ್ ಏರ್‌ಪೋರ್ಟಿನಿಂದ ಲೀಸ್‌ಬರ್ಗ್‌ಗೆ 14 ಮೈಲಿಯ ಖಾಸಗಿ ಟೋಲ್ ರಸ್ತೆ ಇದೆ, ಡಲ್ಲಸ್ ಗ್ರೀನ್‌ವೇ ಅಂತ. 1995ರಲ್ಲಿ ಶುರುವಾದದ್ದು. ಜನ ಓಡಾಡುವ ಹೊತ್ತಲ್ಲಿ ಹೋಗಿ ಬಂದರೆ 10 ಡಾಲರ್ ದಾಟುತ್ತೆ. ನಮ್ಮ ಮನೆಯವರು ಅರ್ಧ ಗಂಟೆ ಮುಂಚೆ ಹೊರಟು ಟೋಲ್ ಇಲ್ಲದ ರೂಟ್ 7 ಹಿಡಿಯುತ್ತಿದ್ದರು. ಈ ಟೋಲ್ ಏರಿಕೆಗೆ ಕಡಿವಾಣ ಹಾಕುವ ಮಸೂದೆಯನ್ನು ಸುಹಾಸ್ ತಂದರು, 2021ರಲ್ಲಿ ಅದು ಪಾಸಾಯಿತು. ದರ ಏರಿಸಬೇಕಾದರೆ ಒಂದೊಂದೇ ವರ್ಷಕ್ಕೆ ಅನುಮತಿ ಕೇಳಬೇಕು, ಏರಿಕೆಯಿಂದ ಜನ ರಸ್ತೆ ಬಿಟ್ಟು ಹೋಗ್ತಾರಾ ಅಂತ ಲೆಕ್ಕ ತೋರಿಸಬೇಕು. ಮುಂದೆ ಒಂದು ಕಡೆಯ ಪ್ರಯಾಣಕ್ಕೆ 8.10 ಡಾಲರ್‌ಗೆ ಏರಿಸಲು ಅರ್ಜಿ ಬಂದಾಗ 2024ರಲ್ಲಿ ಟೋಲ್ ದರಕ್ಕೆ ಅನುಮತಿ ಕೊಡುವ ರಾಜ್ಯದ ಕಾರ್ಪೊರೇಷನ್ ಕಮಿಷನ್ ಅದನ್ನು ತಳ್ಳಿಹಾಕಿತು. ರಾಜ್ಯ ಶಾಸಕ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಈ ಟೋಲ್ ಕಥೆಯನ್ನೇ. ವಾಷಿಂಗ್ಟನ್‌ನವರು ಯುದ್ಧ, ವೀಸಾ ಅಂತ ಮಾತಾಡುತ್ತಿರುತ್ತಾರೆ. ನಮ್ಮ ಬೆಳಗಿನ ರಸ್ತೆ ಇರೋದು ರಿಚ್ಮಂಡ್‌ನವರ ಕೈಯಲ್ಲಿ.

ಮೂರು ಮನೆ ದಾಟಿದ್ದು ಹೇಗೆ ಅಂದಿರಿ. ಸ್ವಲ್ಪ ಶ್ರಮ, ಸ್ವಲ್ಪ ಕಾಲ ಕೂಡಿ ಬಂದದ್ದು. 2021ರ ಕೊನೆಗೆ ಕ್ಷೇತ್ರಗಳ ಮರುವಿಂಗಡಣೆ ಆಯಿತು, ಅವರ ಹಳೇ ಕ್ಷೇತ್ರ ಮೊದಲಿನ ಹಾಗೆ ಉಳಿಯಲಿಲ್ಲ. 2023ರಲ್ಲಿ ಹೊಸ 32ನೇ ಸೆನೆಟ್ (ಮೇಲ್ಮನೆ) ಕ್ಷೇತ್ರಕ್ಕೆ ನಿಂತು ಗೆದ್ದರು. ಇಲ್ಲಿ ಮೇಲ್ಮನೆಗೂ ಜನರೇ ನೇರವಾಗಿ ಆರಿಸುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಥರ ಅಲ್ಲ.

ಅದೇ ವರ್ಷ ನಮ್ಮ ಸಂಸದೆ ಜೆನಿಫರ್ ವೆಕ್ಸ್‌ಟನ್ ಅವರಿಗೆ ಪಿಎಸ್‌ಪಿ ಅನ್ನುವ ನರಗಳ ಕಾಯಿಲೆ ಇರುವುದು ಗೊತ್ತಾಯಿತು. ಸೆಪ್ಟೆಂಬರ್‌ನಲ್ಲಿ, ಮತ್ತೆ ಸ್ಪರ್ಧಿಸಲ್ಲ ಅಂದರು. ಮಾತು ಹೋಗುತ್ತಾ ಬಂತು. 2024ರ ಜುಲೈ 25ರಂದು ಸದನದಲ್ಲಿ ಅವರು ಭಾಷಣ ಮಾಡಿದ್ದು ಕಂಪ್ಯೂಟರ್ ತಯಾರಿಸಿದ ಅವರದ್ದೇ ಹಳೇ ದನಿಯಲ್ಲಿ. ಆ ವಿಡಿಯೊ ಮಕ್ಕಳಿಗೆ ತೋರಿಸಿ ಮೇಷ್ಟ್ರೇ. ನಾನು ಅಡುಗೆಮನೆಯಲ್ಲಿ ನಿಂತು ನೋಡಿದೆ, ಒಲೆ ಆರಿಸಿ.

ಆ ಸೀಟಿನ ಪ್ರೈಮರಿಗೆ 12 ಹೆಸರು! ಸುಹಾಸ್ ಜೊತೆಗೇ ರಿಚ್ಮಂಡ್‌ನಲ್ಲಿದ್ದ ಡ್ಯಾನ್ ಹೆಲ್ಮರ್, ಜೆನಿಫರ್ ಬಾಯ್ಸ್ಕೊ, ಹಿಂದೆ ಅಲ್ಲಿನ ಕೆಳಮನೆಯ ಸ್ಪೀಕರ್ ಆಗಿದ್ದ ಐಲೀನ್ ಫಿಲ್ಲರ್-ಕಾರ್ನ್ ಎಲ್ಲರೂ ಇದ್ದರು. ವೆಕ್ಸ್‌ಟನ್ ಬೆಂಬಲ ಸುಹಾಸ್‌ಗೆ ಸಿಕ್ಕಿತು. ಸುಮಾರು 30% ವೋಟಿಗೇ ಗೆದ್ದರು. ನವೆಂಬರ್‌ನಲ್ಲಿ ಸುಮಾರು 52%. ಇನ್ನೊಂದು ನೋಡಿ. ಈ ಸೀಟಲ್ಲಿ ಅವರಿಗಿಂತ ಮುಂಚೆ ವೆಕ್ಸ್‌ಟನ್, ಅವರಿಗಿಂತ ಮುಂಚೆ ರಿಪಬ್ಲಿಕನ್ ಪಕ್ಷದ ಬಾರ್ಬರಾ ಕಾಮ್‌ಸ್ಟಾಕ್. ಮೂವರೂ ರಿಚ್ಮಂಡ್‌ನಲ್ಲಿ ಪಳಗಿ ಬಂದವರೇ.

ಗೇದರ್ಸ್‌ಬರ್ಗ್ ರಾಯರು ಬರೆದದ್ದು:

ಅಕ್ಕ ಚೆನ್ನಾಗಿ ಹೇಳಿದ್ದಾರೆ. ಆದರೆ ಮೇಷ್ಟ್ರೇ, ಮಕ್ಕಳಿಗೆ ಬರೀ ಮೇಲೆ ಹತ್ತಿದವರನ್ನು ತೋರಿಸಬೇಡಿ. ನದಿ ದಾಟಿದರೆ ನಮ್ಮ ಮೇರಿಲ್ಯಾಂಡ್. ಇಲ್ಲಿನ ಕುಮಾರ್ ಬರ್ವೆ ಅವರ ಹೆಸರನ್ನೂ ಹೇಳಿ. 1990ರಲ್ಲಿ ಗೆದ್ದರು. ಅಮೆರಿಕದ ಯಾವುದೇ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರು ಅವರೇ. 32 ವರ್ಷ ಅದೇ ಕೆಳಮನೆ, ಅದೇ 17ನೇ ಕ್ಷೇತ್ರ. ಬಹುಮತದ ಪಕ್ಷದ ನಾಯಕರಾಗಿದ್ದರು, ಆಮೇಲೆ ಪರಿಸರ ಮತ್ತು ಸಾರಿಗೆ ಸಮಿತಿಯ ಅಧ್ಯಕ್ಷರು. 2016ರಲ್ಲಿ ಅಮೆರಿಕದ ಸಂಸತ್ತಿಗೆ ಪ್ರಯತ್ನಿಸಿದರು. ಪ್ರೈಮರಿಯಲ್ಲಿ ಜೇಮಿ ರಾಸ್ಕಿನ್ ಗೆದ್ದರು. ಬರ್ವೆ ವಾಪಸ್ ಬಂದು ಸಮಿತಿ ಕೆಲಸ ಮುಂದುವರಿಸಿದರು. ನನಗೆ ಅದೇ ದೊಡ್ಡದು ಅನ್ನಿಸುತ್ತೆ.

ನಮ್ಮ ರಾಜಧಾನಿ ಅನಾಪೊಲಿಸ್‌ನಲ್ಲಿ ವರ್ಷಕ್ಕೆ 90 ದಿನ ಅಧಿವೇಶನ. ಸಮಿತಿ ಮುಂದೆ ಯಾರು ಬೇಕಾದರೂ ಹೆಸರು ಬರೆಸಿ ಮಾತಾಡಬಹುದು. ಒಂದು ಮಸೂದೆಗೆ ನಾನೂ ಹೋಗಿದ್ದೆ. 2 ನಿಮಿಷ ಕೊಟ್ಟರು. ನಾಲ್ಕು ಗಂಟೆ ಕಾದಿದ್ದೆ, ಬೇಸರ ಆಗಲಿಲ್ಲ. ನನಗಿಂತ ಮುಂಚೆ ಒಬ್ಬ ಶಾಲಾ ಬಸ್ ಡ್ರೈವರ್ ಮಾತಾಡಿದರು, ಸಮವಸ್ತ್ರದಲ್ಲೇ ಬಂದಿದ್ದರು. ಅಧ್ಯಕ್ಷರ ಪೀಠದಿಂದ ಅವರಿಗೆ ಎರಡು ಪ್ರಶ್ನೆ ಬಂತು. ಮಸೂದೆ ಓದಿ ಬಂದವರು ಮಾತ್ರ ಕೇಳಬಹುದಾದ ಪ್ರಶ್ನೆಗಳು.

ಸಾಗರದ ಮೇಷ್ಟ್ರು:

ಇಬ್ಬರಿಗೂ ತುಂಬಾ ಧನ್ಯವಾದ. 17,640 ಅನ್ನುವ ಸಂಖ್ಯೆಯನ್ನು ಬೋರ್ಡ್ ಮೇಲೆ ಬರೆದೇ ಪಾಠ ಶುರು ಮಾಡುತ್ತೇನೆ. ಅಕ್ಕಾ, ಇನ್ನೊಂದೇ ಪ್ರಶ್ನೆ. 4 ವರ್ಷಕ್ಕೆ ಆರಿಸಿದ ಸೆನೆಟರ್ ಒಂದೇ ವರ್ಷಕ್ಕೆ ಬಿಟ್ಟು ಹೋದರೆ ಜನ ಬೇಜಾರು ಮಾಡಿಕೊಳ್ಳಲ್ವಾ? ಆ ಸೀಟು ಏನಾಯಿತು?

ಆಶ್‌ಬರ್ನ್ ಅಕ್ಕ:

ಬೇಜಾರು ಮಾಡಿಕೊಂಡವರು ಇದ್ದಾರೆ. ನನಗೂ ಸ್ವಲ್ಪ ಆಯಿತು, ಸುಳ್ಳು ಹೇಳಲ್ಲ. ಟೋಲ್ ಥರದ ಇನ್ನೂ ನಾಲ್ಕು ಕೆಲಸ ಆಗುತ್ತಿದ್ದವು ಅಂತ. ರಾಯರು ಹೇಳಿದ ಬರ್ವೆ ಅವರ ದಾರಿಯ ಬೆಲೆ ನನಗೆ ಗೊತ್ತಿದೆ.

ಆ ಸೀಟಿಗೆ ಉಪಚುನಾವಣೆ ಆಯಿತು, 2025ರ ಜನವರಿ 7ಕ್ಕೆ. ಭಾರತದಲ್ಲೇ ಹುಟ್ಟಿದ ಕಣ್ಣನ್ ಶ್ರೀನಿವಾಸನ್ ನಿಂತರು. ಅವರು ಕೆಳಮನೆಯಲ್ಲಿದ್ದವರು, ಹಾಗಾಗಿ ಅವರ 26ನೇ ಕ್ಷೇತ್ರಕ್ಕೂ ಅದೇ ದಿನ ಚುನಾವಣೆ. ಹಿಂದಿನ ದಿನ ಜೋರು ಹಿಮ ಬಿದ್ದಿತ್ತು. ಮನೆ ಮುಂದೆ ಮೊಣಕಾಲಿನ ಹತ್ತಿರಕ್ಕೆ ರಾಶಿ. ಯಜಮಾನರು ಸಲಿಕೆ ಹಿಡಿದು ದಾರಿ ಬಿಡಿಸಿದರು. ಮತಗಟ್ಟೆ ಬೆಳಿಗ್ಗೆ 6ರಿಂದ ಸಂಜೆ 7ರ ತನಕ. ನಾವು ನಾಲ್ಕು ಗಂಟೆಗೆ ಹೋದೆವು. 40 ಅಡಿ ಆಚೆ ಒಬ್ಬರೇ ಒಬ್ಬ ಹೆಂಗಸು ಟೋಪಿ, ಮಫ್ಲರ್ ಸುತ್ತಿಕೊಂಡು ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು. ನನ್ನ ಫ್ಲಾಸ್ಕಿನಲ್ಲಿದ್ದ ಕಾಫಿ ಅವರಿಗೆ ಕೊಟ್ಟೆ. ಕಣ್ಣನ್ ಗೆದ್ದರು, ಕೆಳಮನೆಗೆ ಜೆಜೆ ಸಿಂಗ್ ಗೆದ್ದರು. ಮರುದಿನವೇ ರಿಚ್ಮಂಡ್‌ನಲ್ಲಿ ಅಧಿವೇಶನ ಶುರುವಾಯಿತು. ಆದರೆ ಊರಿನ ನೀರು ಸರಬರಾಜೇ ಕೆಟ್ಟು ಹೋಗಿತ್ತು, ಹಾಗಾಗಿ ಮುಂದಿನ ಕಲಾಪವನ್ನು 13ಕ್ಕೆ ಹಾಕಿದರು.